ನನ್ನ ಅಕ್ಕನ ಸ್ಪ್ಯಾನರ್ ಕಿತ್ತುಕೊಂಡು ಫ್ಲಾಸ್ಕ್ ಕೊಟ್ಟವರಿಗೆ

ಪಠ್ಯಪುಸ್ತಕ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಅಕ್ಕ ಲಿಫ್ಟ್ ಮೆಕ್ಯಾನಿಕ್. ನಿಮ್ಮ ಏಳನೆಯ ತರಗತಿಯ ಭಾಷಾ ಪುಸ್ತಕದ ನಾಲ್ಕನೆಯ ಪಾಠದಲ್ಲಿ ನೀವು ಅವಳ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡು ಟೀ ಫ್ಲಾಸ್ಕ್ ಕೊಟ್ಟಿದ್ದೀರಿ. ಸ್ಪ್ಯಾನರನ್ನು ಅವಳ ಗಂಡನಿಗೆ ದಾಟಿಸಿದ್ದೀರಿ. ಇಷ್ಟು ಮಾಡಿಯೂ ಪಾಠದ ಕೊನೆಗೆ ಲೇಖಕಿ ಎಂದು ಅವಳ ಹೆಸರನ್ನೇ ಅಚ್ಚು ಹಾಕಿಸಿದ್ದೀರಿ. ಈ ಧೈರ್ಯ ನಿಮಗೆ ಎಲ್ಲಿಂದ ಬಂತು? ಇದನ್ನು ಎರಡು ಬಾರಿ ಮುಚ್ಚಿದ ಲಕೋಟೆಯಲ್ಲಿ ಕೇಳಿದೆ. ಬಂದ ಉತ್ತರ ಎಂಥದ್ದೆಂದು ಮುಂದೆ ಹೇಳುತ್ತೇನೆ, ಅದನ್ನು ಓದಿದ ಮೇಲೆಯೇ ಎಲ್ಲರೆದುರು ಕೇಳುವುದು ವಾಸಿ ಎನಿಸಿದ್ದು.

ನಡೆದದ್ದು ಇಷ್ಟು. ಒಂದು ಬೆಳಗ್ಗೆ ಹತ್ತರ ಹೊತ್ತಿಗೆ ಆಸ್ಪತ್ರೆಯ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಒಳಗೆ ಆಪರೇಷನ್ನಿಗೆ ಹೊರಟಿದ್ದ ಒಬ್ಬ ಅಜ್ಜಿ, ಜೊತೆಗೊಬ್ಬ ನರ್ಸ್. ಅಕ್ಕ ತಾರಸಿಯ ಯಂತ್ರದ ಕೋಣೆಗೆ ಹತ್ತಿ, ಕರೆಂಟ್ ತೆಗೆದು, ಬ್ರೇಕಿನ ಹಿಡಿಯನ್ನು ಕಾವಲುಗಾರನ ಕೈಗೆ ಕೊಟ್ಟು, ತಾನು ಹೇಳಿದಾಗ ಒತ್ತಬೇಕು, ಹೇಳಿದಾಗ ಬಿಡಬೇಕು, ನಡುವೆ ಸ್ವಂತ ಬುದ್ಧಿ ಉಪಯೋಗಿಸಬಾರದು ಎಂದು ಎಚ್ಚರಿಸಿದಳು. ಆಮೇಲೆ ಲಿಫ್ಟಿನ ಉಕ್ಕಿನ ಹಗ್ಗ ಎಳೆಯುವ ದೊಡ್ಡ ಚಕ್ರವನ್ನು ಬರಿಗೈಯಲ್ಲಿ ಇಷ್ಟಿಷ್ಟೇ ತಿರುಗಿಸಿ ಲಿಫ್ಟನ್ನು ಮಹಡಿಯ ಮಟ್ಟಕ್ಕೆ ತಂದಳು. ನಲವತ್ತು ನಿಮಿಷ ಹಿಡಿಯಿತು, ಅಂಗೈ ಸುಲಿದುಹೋಗಿತ್ತು. ಇದನ್ನು ಅವಳು ನೌಕರರ ಸಂಘದ ವಾರ್ಷಿಕ ಸಂಚಿಕೆಗೆ ಎರಡು ಪುಟ ಬರೆದಳು. ನಿಮ್ಮವರು ಮೆಚ್ಚಿ, ಪಾಠ ಮಾಡುತ್ತೇವೆ ಎಂದು ಅನುಮತಿ ಕೇಳಿದಾಗ ಅಕ್ಕ ಹಿಗ್ಗಿ ಹೀರೇಕಾಯಿಯಾದಳು. ‘ಅಗತ್ಯ ಮಾರ್ಪಾಡುಗಳಿಗೆ ಒಳಪಟ್ಟು’ ಎಂಬ ಸಾಲಿನ ಕೆಳಗೆ ಕಣ್ಣು ಮುಚ್ಚಿಕೊಂಡು ಸಹಿ ಹಾಕಿದಳು.

ನಿಮ್ಮ ಪಾಠದಲ್ಲಿ ಚಕ್ರ ತಿರುಗಿಸುವವರು ನನ್ನ ಭಾವ. ಅಕ್ಕ ಕೆಳಗಿನ ಮಹಡಿಯಲ್ಲಿ ಫ್ಲಾಸ್ಕ್ ಎದೆಗವಚಿಕೊಂಡು ನಿಂತಿದ್ದಾಳೆ. ‘ನನ್ನ ಕಣ್ಣಂಚಿನಲ್ಲಿ ಹನಿಯೊಂದು ತುಳುಕಿತು’ ಎಂದು ಅವಳ ಬಾಯಿಂದಲೇ ಹೇಳಿಸಿದ್ದೀರಿ. ಸ್ವಾಮಿ, ಅಕ್ಕ ಅಂದು ಅಳಲಿಲ್ಲ. ಆರು ತಿಂಗಳಿಂದ ತಪಾಸಣೆ ಮಾಡಿಸದ ಆಸ್ಪತ್ರೆಯವರ ಜನ್ಮ ಜಾಲಾಡಿದಳು. ಇನ್ನು ನನ್ನ ಭಾವ ಟೈಲರ್, ಬಲ್ಬ್ ಬದಲಿಸಲು ಸ್ಟೂಲ್ ಹತ್ತೆಂದರೆ ಕಾಲು ನಡುಗುವ ಮನುಷ್ಯ. ಪಾಠ ಓದಿ ಅವರು, “ನನ್ನನ್ನ ಒಂದು ಮಾತು ಕೇಳದೆ ಅಷ್ಟೆತ್ತರಕ್ಕೆ ಹತ್ತಿಸಿದ್ದು ಯಾರು?” ಎಂದರು. ಈಗ ಅಂಗಡಿಗೆ ಬಂದ ಗಿರಾಕಿಗಳು ಅಳತೆ ಕೊಡುತ್ತ ಭೇಷ್ ಎನ್ನುತ್ತಾರೆ. ನಾನಲ್ಲ ಎಂದರೆ, ಎಷ್ಟು ವಿನಯ ನೋಡಿ ಎನ್ನುತ್ತಾರೆ. ಪಾಪದ ಮನುಷ್ಯ ಈಗ ಟೇಪಿನಿಂದ ತಲೆಯೆತ್ತುವುದನ್ನೇ ಬಿಟ್ಟಿದ್ದಾರೆ.

ನಿಮ್ಮ ಕಚೇರಿಯ ಉತ್ತರದಲ್ಲಿ ‘ಪಾತ್ರಗಳ ಸಹಜತೆಗಾಗಿ, ಮಕ್ಕಳ ಗ್ರಹಿಕೆಗೆ ಅನುಕೂಲವಾಗಲೆಂದು ಅಲ್ಪ ಮಾರ್ಪಾಡು’ ಎಂದಿದೆ. ನಡೆದದ್ದು ಅಸಹಜ, ನಡೆಯದೇ ಇದ್ದದ್ದು ಸಹಜವೇ? ಹೆಂಗಸು ಚಕ್ರ ತಿರುಗಿಸಿದ್ದು ಭಾರವಾದದ್ದು ಮಕ್ಕಳ ಗ್ರಹಿಕೆಗೋ, ಸಮಿತಿಯ ಗ್ರಹಿಕೆಗೋ? ನಿಮ್ಮ ಪುಸ್ತಕದ ಹೆಂಗಸರನ್ನು ನಾನು ಇಪ್ಪತ್ತೊಂದು ವರ್ಷಗಳಿಂದ ಬಲ್ಲೆ. ಕಾಯುತ್ತಾರೆ, ಬಡಿಸುತ್ತಾರೆ, ಕ್ಷಮಿಸುತ್ತಾರೆ, ಕಿಟಕಿಯೊಂದು ಕಂಡರೆ ಸಾಕು ಹೋಗಿ ನಿಲ್ಲುತ್ತಾರೆ. ಅವರಲ್ಲಿ ಒಬ್ಬಳಾದರೂ ಕೂತು ಹೊಟ್ಟೆತುಂಬ ಉಂಡದ್ದನ್ನು ಓದಿದ ನೆನಪು ನನಗಿಲ್ಲ. ಕಥೆಯೆಂದರೆ ಹಾಗೆಯೇ, ಅದು ತಾಯ್ತನಕ್ಕೆ ಸಲ್ಲಿಸುವ ಗೌರವ ಎನ್ನುತ್ತೀರಿ. ತ್ಯಾಗಮಯಿ ಎಂಬ ವಿಶೇಷಣ ಅಷ್ಟು ದೊಡ್ಡ ಗೌರವವಾದರೆ ಒಂದೆರಡು ವರ್ಷ ನೀವು ಇಟ್ಟುಕೊಳ್ಳಿ, ಅಲ್ಲಿಯತನಕ ನಿಮ್ಮ ಕುರ್ಚಿಯನ್ನು ನಾವು ನೋಡಿಕೊಳ್ಳುತ್ತೇವೆ.

ಇಷ್ಟೆಲ್ಲ ಹೇಳಲು ಇವಳು ಯಾರು ಎಂದು ಕೇಳುವಿರಿ. ನಿಮ್ಮ ಪುಸ್ತಕಗಳನ್ನು ಅಚ್ಚು ಹಾಕುವ ಮುದ್ರಣಾಲಯದಲ್ಲಿ ಕರಡು ತಿದ್ದುವವಳು ನಾನು. ಈ ಪಾಠ ಅಚ್ಚಿಗೆ ಹೋಗಬಹುದು ಎಂದು ಸಹಿ ಹಾಕಿದವಳೂ ನಾನೇ. ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಕೊನೆಯ ಸುತ್ತಿನಲ್ಲಿ ಪುಟವನ್ನು ಕೊನೆಯ ಪದದಿಂದ ಮೊದಲ ಪದದ ಕಡೆಗೆ ಓದುತ್ತೇವೆ. ಕಥೆಯೊಳಗೆ ಸಿಕ್ಕಿಕೊಂಡರೆ ಕಣ್ಣು ತಪ್ಪುಗಳನ್ನು ನುಂಗಿಕೊಂಡು ಓಡುತ್ತದೆ. ಹಿಂದಿನಿಂದ ಓದಿದರೆ ಕಥೆಯೇ ಇರುವುದಿಲ್ಲ, ಅಕ್ಷರಗಳಷ್ಟೇ ಇರುತ್ತವೆ. ಮೊದಲೊಮ್ಮೆ ಮುಂದಿನಿಂದ ಓದಬೇಕು, ನಿಜ. ಆದರೆ ಅಕ್ಕನ ಪಾಠ ನನಗೆ ಬಾಯಿಪಾಠವಲ್ಲವೇ ಎಂದುಕೊಂಡು ಆ ಸುತ್ತನ್ನು ಬಿಟ್ಟೆ. ‘ಫ್ಲಾಸ್ಕ್’ ಎಂಬ ಪದದ ಒತ್ತಕ್ಷರ ಸರಿಯಿದೆಯೇ ಎಂದು ಎರಡು ಸಲ ನೋಡಿದ್ದೇನೆ. ಆ ಫ್ಲಾಸ್ಕ್ ಅಲ್ಲಿಗೆ ಯಾಕೆ ಬಂತು ಎಂದು ನೋಡಲಿಲ್ಲ. ಚಕ್ರದ ವಿವರ ಸರಿ ಬಂದಿದೆಯೇ ನೋಡು ಎಂದು ಅಕ್ಕ ಹೇಳಿ ಕಳಿಸಿದ್ದಳು, ನನ್ನ ಕೈದಾಟಿ ಒಂದು ತಪ್ಪೂ ಹೋಗುವುದಿಲ್ಲ ಎಂದು ಜಂಬ ಕೊಚ್ಚಿದ್ದೆ. ನಾಚಿಕೆಯಾಗುತ್ತದೆ. ಆದರೆ ಮಾನ್ಯರೇ, ನೀವೆಲ್ಲ ಮುಂದಿನಿಂದಲೇ ಓದಿದ್ದಿರಲ್ಲ?

ಅಕ್ಕನ ಮಗಳು ಇದೇ ವರ್ಷ ಏಳನೆಯ ತರಗತಿ. ಮೊದಲ ಕಿರುಪರೀಕ್ಷೆಯಲ್ಲಿ ಲಿಫ್ಟನ್ನು ಸರಿಪಡಿಸಿದವರು ಯಾರು ಎಂಬ ಪ್ರಶ್ನೆಗೆ ‘ನಮ್ಮಮ್ಮ’ ಎಂದು ಬರೆದಳು. ಕೆಂಪು ಗೀಟು ಬಿತ್ತು. ಟೀಚರ್ ಕೆಟ್ಟವರಲ್ಲ. ಪುಸ್ತಕದಲ್ಲಿ ಇರುವುದೇ ಉತ್ತರ ಎಂದರಂತೆ, ನಿಮ್ಮಮ್ಮನೇ ಹಾಗೆ ಬರೆದಿದ್ದಾರಲ್ಲ ಎಂದು ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದರಂತೆ. ತರಗತಿ ನಕ್ಕಿತಂತೆ. ಹುಡುಗಿ ಮನೆಗೆ ಬಂದವಳು ಬೆನ್ನಿನ ಚೀಲ ಇಳಿಸದೆ ನಿಂತು ಕೇಳಿದಳು.

“ಅಪ್ಪ ಮಾಡಿದ್ದು ಅಂತ ನೀನೇ ಬರೆದಿದ್ದೀಯಲ್ಲಮ್ಮ. ಹಾಗಾದ್ರೆ ಮನೇಲಿ ಹೇಳಿದ್ದು ಸುಳ್ಳಾ?”

ಅಕ್ಕ ಸಂಘದ ಸಂಚಿಕೆಯನ್ನು ತೆಗೆದು ಕೊಟ್ಟಳು. ಹುಡುಗಿ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ತುಂಬ ಹೊತ್ತು ನೋಡಿದಳು. ಒಂದು ಪಿನ್ನು ಹೊಡೆದ ತೆಳುವಾದ ಪುಸ್ತಿಕೆ, ಇನ್ನೊಂದರ ರಕ್ಷಾಪುಟದಲ್ಲಿ ಸರಕಾರದ ಮುದ್ರೆ. ಹನ್ನೆರಡು ವರ್ಷದ ಹುಡುಗಿ ಯಾವುದನ್ನು ನಂಬಬೇಕು, ನೀವೇ ಹೇಳಿ.

ಹೋದ ವಾರ ಎರಡನೆಯ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ‘ಲೇಖಕಿಯ ಪತಿ’ ಎಂದು ದುಂಡಗೆ ಬರೆದಿದ್ದಾಳೆ. ಆಗ ಲೇಖಕಿ ಏನು ಮಾಡುತ್ತಿದ್ದರು ಎಂಬುದಕ್ಕೆ ‘ಟೀ ಹಿಡಿದುಕೊಂಡು ಅಳುತ್ತಿದ್ದರು’ ಎಂದು ಬರೆದಿದ್ದಾಳೆ. ಎರಡಕ್ಕೂ ಪೂರ್ತಿ ಅಂಕ. ಉತ್ತರಪತ್ರಿಕೆಗೆ ಪೋಷಕರ ಸಹಿ ಬೇಕಿತ್ತು. ನಾನು ಅಲ್ಲೇ ಕೂತಿದ್ದೆ. ಅಕ್ಕ ಒಮ್ಮೆ ಓದಿದಳು, ಇನ್ನೊಮ್ಮೆ ಓದಿದಳು, “ಸರಿಯಾಗಿ ಬರೆದಿದ್ದೀಯ” ಎಂದು ಸಹಿ ಹಾಕಿದಳು. ಹುಡುಗಿ ಖುಷಿಯಾಗಿ ಆಡಲು ಹೋದಳು. ನಾನು ಅಂದು ರಾತ್ರಿಯೇ ಈ ಪತ್ರ ಬರೆಯಲು ಕೂತೆ.

ಮರುಮುದ್ರಣದ ಕರಡು ಈಗ ನನ್ನ ಮೇಜಿನ ಮೇಲಿದೆ. ಈ ಸಲ ನಾನು ಸಹಿ ಹಾಕುವುದಿಲ್ಲ. ಮ್ಯಾನೇಜರು ಎರಡು ಬಾರಿ ಬಂದು ಗದರಿ ಹೋದರು, ಮೂರನೆಯ ಸಲ ಬೇರೆಯವರ ಕೈಯಿಂದ ಸಹಿ ಮಾಡಿಸುತ್ತಾರೆ ಎಂಬುದೂ ನನಗೆ ಗೊತ್ತು. ಆದ್ದರಿಂದ ನಿಮ್ಮನ್ನೇ ಕೇಳುತ್ತಿದ್ದೇನೆ. ಅಕ್ಕ ಬರೆದ ಎರಡು ಪುಟಗಳನ್ನು ಬರೆದಂತೆಯೇ ಹಾಕಿಸಿ. ಆಗುವುದಿಲ್ಲವೆಂದರೆ ಆ ಪಾಠದಿಂದ ಅವಳ ಹೆಸರು ತೆಗೆದು ಬೇಕಾದರೆ ನಿಮ್ಮದನ್ನು ಹಾಕಿಕೊಳ್ಳಿ. ಏನು ಮಾಡುವುದಿದ್ದರೂ ವಾರ್ಷಿಕ ಪರೀಕ್ಷೆಗೆ ಮುಂಚೆ ಮಾಡಿ, ಅಚ್ಚಿನಲ್ಲೇ ಮಾಡಿ. ಅಮ್ಮ ಬಾಯಲ್ಲಿ ಹೇಳಿದ್ದನ್ನು ಆ ಹುಡುಗಿ ಈಗ ನಂಬುವುದಿಲ್ಲ.

ಇಂತಿ,
ಈ ಪತ್ರ ನಿಮ್ಮ ಕೈಸೇರುವ ಹೊತ್ತಿಗೆ ಕೆಲಸದಲ್ಲಿ ಇರುತ್ತಾಳೋ ಇಲ್ಲವೋ ಗೊತ್ತಿಲ್ಲದ
ಒಬ್ಬ ಚಿಕ್ಕಮ್ಮ