ಎಲೆಯ ಮರೆಯಲ್ಲಿ ಹೇಳಿದ ಹೆಸರು

ಸಕಲೇಶಪುರ
೧೬ ಫೆಬ್ರವರಿ ೨೦೨೫

ಪ್ರೀತಿಯ ಕಮಲಾ,

ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ, ಕ್ಷೇಮವಿಲ್ಲ ಎಂದರೆ ನೀನು ಬಸ್ಸು ಹತ್ತಿ ಬಂದುಬಿಡುತ್ತೀಯ. ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ. ನಿನ್ನ ಪತ್ರ ಬಂದು ಎರಡು ತಿಂಗಳಾಯಿತು, ತಡಮಾಡಿದ್ದಕ್ಕೆ ಮನಸಾರೆ ಬೈದುಕೋ. ಕಚೇರಿಯಲ್ಲಿ ಬೆಳೆಗಾರರ ಅರ್ಜಿಗಳ ಧೂಳು, ಮನೆಯಲ್ಲಿ ನಮ್ಮ ನಟರಾಜರ ಮಂಡಿನೋವಿನ ಗೋಳು. ನೋಡು, ಪ್ರಾಸದ ಚಟ ನಲವತ್ತಾರಕ್ಕೂ ಬಿಟ್ಟಿಲ್ಲ.

ಫೋನಿನಲ್ಲಿ ತಿಳಿಸಬಹುದಿತ್ತು. ತಿಳಿಸಿದರೆ ನೀನೊಂದು ನಗುವ ಹಳದಿ ಮುಖ ಕಳಿಸಿ ಕೈತೊಳೆದುಕೊಳ್ಳುತ್ತೀಯ. ಇದು ಹೇಸಿಗೆಯ ವಿಷಯ, ಕಾಗದವೇ ಬೇಕು.

ಮಗ್ಗೆಯಲ್ಲಿರುವ ನನ್ನ ತಮ್ಮ ಪ್ರತಾಪನಿಗೆ ಮದುವೆಯಾಗಿ ಎಂಟು ವರ್ಷಕ್ಕೆ ಹೆಣ್ಣುಮಗು ಹುಟ್ಟಿದೆ. ಒಳ್ಳೆ ಕಡುಬಿನ ಹಾಗಿದೆ. ಹೆಸರು ಹುಡುಕಲು ಪ್ರತಾಪನೂ ಅವನ ಹೆಂಡತಿ ಗಗನಾಳೂ ಫೋನಿನಲ್ಲೇ ಅಕ್ಷರ ಕೂಡಿ ಕಳೆಯುವ ಒಬ್ಬ ಮಹಾನುಭಾವನನ್ನು ಹಿಡಿದರು. ಅವನು ಕೊಟ್ಟ ಹೆಸರು ‘ಕೈರಾ’. ಇಂಗ್ಲಿಷಿನಲ್ಲಿ ಬರೆಯುವಾಗ ಕೆ, ವೈ, ಆರ್, ಎರಡು ಎ, ಕೊನೆಗೆ ಯಾರೂ ಉಚ್ಚರಿಸದ ಒಂದು ಹೆಚ್. ಆ ಹೆಚ್ ಇಲ್ಲದಿದ್ದರೆ ಮಗುವಿಗೆ ವಿದೇಶಯೋಗವಿಲ್ಲವಂತೆ.

“ಅರ್ಥ ಏನೋ?” ಎಂದೆ.

“ಅರ್ಥ ಯಾರಿಗ್ ಬೇಕಕ್ಕ? ಇಡೀ ತಾಲ್ಲೂಕಲ್ಲಿ ಈ ಸ್ಪೆಲಿಂಗು ಇನ್ನೊಬ್ರಿಗಿಲ್ಲ, ಗೊತ್ತಾ?”

“ನಮ್ಮ ಎಮ್ಮೆ ಬಾಲದ ಗಂಟೂ ಇನ್ನೊಂದಕ್ಕಿಲ್ಲ ಕಣೋ” ಎಂದೆ. ಎರಡು ದಿನ ಮಾತು ಬಿಟ್ಟ. ನಾನು ಸುಮ್ಮನಿರಲಿಲ್ಲ, ಪದ್ಯ ಕಟ್ಟಿದೆ:

ಎರಡು ಎ, ಬಾಲಕ್ಕೊಂದು ಹೆಚ್ಚು,
ಅಪ್ಪ ಅಮ್ಮನಿಗೆ ಹೆಸರಿನ ಹುಚ್ಚು.

ಇಷ್ಟೇ ಆಗಿದ್ದರೆ ನಕ್ಕು ಮರೆಯುತ್ತಿದ್ದೆ. ನಮ್ಮವರಲ್ಲೊಂದು ಪದ್ಧತಿ ಇದೆ. ಕಾಗದಕ್ಕೆ ಯಾವ ಹೆಸರಾದರೂ ಇರಲಿ, ಮೊದಲ ಮೊಮ್ಮಗಳ ಕಿವಿಗೆ ಮೊದಲು ಬೀಳಬೇಕಾದದ್ದು ಅಪ್ಪನ ತಾಯಿಯ ಹೆಸರು. ಹೇಳಬೇಕಾದವಳು ಸೋದರತ್ತೆ, ವೀಳ್ಯದೆಲೆ ಮರೆ ಹಿಡಿದು, ಒಂದೇ ಒಂದು ಸಲ. ಆಮೇಲೆ ಕರೆಯುವ ಹೆಸರು ಮೂರು ಸಲ. ಅಜ್ಜಿ ಬದುಕಿರುವಾಗಲೇ ಹೇಳಿದರೆ ಅವಳ ಆಯಸ್ಸು ಮಗುವಿಗೆ ಸೇರುತ್ತದೆ ಎನ್ನುತ್ತಾರೆ. ನಮ್ಮವ್ವನಿಗೆ ಎಪ್ಪತ್ತೆಂಟು. ಅವಳ ಹೆಸರು ಭೂತಮ್ಮ, ಅವಳಿಗೂ ಅದು ಅವಳಜ್ಜಿಯಿಂದ ಕಿವಿಯ ಮೂಲಕವೇ ಬಂದದ್ದು. ಈ ದಿನಕ್ಕೆ ಅವಳು ಎಂಟು ವರ್ಷ ಕಾದಿದ್ದಳು. ಪ್ರತಾಪನಿಗೆ ನಾನೊಬ್ಬಳೇ ಅಕ್ಕ.

ಮಹಾನುಭಾವ ಏನೆಂದನಂತೆ ಗೊತ್ತೇ? ನಾಮಕರಣದ ಹೊತ್ತಿನಲ್ಲಿ ಬೇರೆ ಯಾವ ಹೆಸರೂ ಮಗುವಿನ ಕಿವಿಗೆ ಬೀಳಬಾರದು, ಬಿದ್ದರೆ ಲೆಕ್ಕ ಕೆಡುತ್ತದೆ. ಗಗನಾ ಅದನ್ನು ಅಡುಗೆಮನೆಯಲ್ಲಿ, ಅವ್ವ ಅಲ್ಲೇ ಅಕ್ಕಿ ಆರಿಸುತ್ತಿರುವಾಗಲೇ ಹೇಳಿದಳು: “ಅತ್ಗೆ, ದಯ್ವಿಟ್ಟು ಭೂತಗೀತ ಅಂತೆಲ್ಲ ಪಾಪು ಕಿವೀಲಿ ಹೇಳ್ಬೇಡಿ. ಹೆದ್ರಿಕೊಂಬುಡ್ತದೆ.”

ಅವ್ವ ಮೊರದಿಂದ ಕಣ್ಣೆತ್ತಲಿಲ್ಲ. ಎಂಟು ವರ್ಷ ಇದೇ ಸೊಸೆಗೆ ಬಿಸಿನೀರು ಕಾಯಿಸಿಕೊಟ್ಟ ಹೆಂಗಸು ಅವಳು. ಗಗನಾ ಆಚೆ ಹೋದ ಮೇಲೆ ಅವ್ವ ನನ್ನ ಸೆರಗು ಜಗ್ಗಿದಳು.

“ಕಾಗ್ದಕ್ಕೆ ಏನಾರ ಬರ್ಕಳ್ಲಿ ಕಣವ್ವ. ಎಲೆ ಮರೇಲಿ ಒಂದ್ ಸತಿ ನನ್ ಹೆಸ್ರು ಹಾಕ್ಬುಡು. ಯಾರ್ಗೂ ಕೇಳಕಿಲ್ಲ.”

“ಹಾಕ್ತೀನಿ ಬುಡವ್ವ. ಅವ್ರಪ್ಪನ ಗಂಟೇನು ಹೋಯ್ತದೆ?” ಎಂದೆ. ಎಷ್ಟು ಜೋರು ಬಾಯಿ ನನ್ನದು, ನಿನಗೆ ಗೊತ್ತಲ್ಲ.

ಸಮಾರಂಭವೂ ಹೇಸಿಗೆಯೇ. ನಡುಮನೆಯಲ್ಲಿ ಇಂಗ್ಲಿಷ್ ಅಕ್ಷರಗಳ ಬಂಗಾರದ ಬಣ್ಣದ ಬಲೂನುಗಳು, ತೊಟ್ಟಿಲಿಗೆ ಪ್ಲಾಸ್ಟಿಕ್ ಗುಲಾಬಿ. ಫೋಟೋದವನು ಮಲಗಿದ್ದ ಮಗುವನ್ನು ಎಬ್ಬಿಸಿ ಅಳಿಸಿದ, ಅತ್ತದ್ದಕ್ಕೆ ಬೈದ. ಸೋಬಾನೆ ಹಾಡಲು ಬಂದಿದ್ದ ಪಾರ್ವತಮ್ಮನಿಗೆ, “ಅಜ್ಜೀ, ವಿಡಿಯೋದಲ್ಲಿ ಬೇರೆ ಮ್ಯೂಸಿಕ್ ಹಾಕ್ತೀವಿ, ಸುಮ್ನೆ ಬಾಯಾಡ್ಸಿ ಸಾಕು” ಎಂದ. ಆಯಮ್ಮ ಪಾಪ ಹಾಗೇ ಬಾಯಾಡಿಸಿದಳು.

ನಾನು ಎಲೆ ಹಿಡಿದು ಬಗ್ಗಿದೆ. ಪ್ರತಾಪ ನನ್ನ ತುಟಿಯನ್ನೇ ನೋಡುತ್ತಿದ್ದ, ಬಾಗಿಲ ಬಳಿ ಅವ್ವನೂ ನೋಡುತ್ತಿದ್ದಳು. ಹೇಳಿ ಎದ್ದೆ.

ಊಟದ ಸಾಲಿನಲ್ಲಿ ಅವ್ವ ಪಕ್ಕಕ್ಕೆ ಬಂದು ಕೂತಳು. “ಹಾಕ್ದೇನವ್ವ?”

“ಹಾಕ್ದೆ ಕಣವ್ವ.”

“ಅತ್ತದ?”

“ಇಲ್ಲ, ನಗ್ತು.”

ಅವ್ವ ಸಕ್ಕರೆ ಕಾಯಿಲೆಯನ್ನೂ ಲೆಕ್ಕಿಸದೆ ಎರಡು ಹೋಳಿಗೆ ತಿಂದಳು. ಅದಕ್ಕೂ ಗಗನಾ ಮುಖ ಸಿಂಡರಿಸಿದಳು.

ಸಾಕು. ನಿನ್ನ ಮಗಳು ಧನುಶ್ರೀಗೆ ನನ್ನ ಆಶೀರ್ವಾದ, ಹೆಸರಿನಷ್ಟೇ ನೆಟ್ಟಗೆ ಅವಳ ಬಾಳೂ ಇರಲಿ. ನಿನ್ನ ಯಜಮಾನರಿಗೆ ನಮಸ್ಕಾರ.

ನಿನ್ನ
ನಯನಾ

ಮತ್ತೆ: ಅಂಟು ಹಚ್ಚುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ನಾನು ಅವ್ವನ ಹೆಸರು ಹೇಳಲಿಲ್ಲ. ಎಲೆಯ ಹಿಂದೆ ‘ಕೈರಾ’ ಎಂದು ಮೂರು ಸಲ ಹೇಳಿ ಎದ್ದೆ. ಪ್ರತಾಪನಿಗೆ ಹೆದರಿಯಲ್ಲ. ಬಾಯಿ ಬರಲಿಲ್ಲ. ನನ್ನ ಲಗ್ನಪತ್ರಿಕೆಯ ಕರಡು ಬರೆದವಳು ನಾನೇ ಎಂಬುದು ನಿನಗೆ ಗೊತ್ತು. ಅದರಲ್ಲಿ ‘ಶ್ರೀಮತಿ ಭೂತಮ್ಮ’ ಎಂದಿದ್ದದ್ದನ್ನು ಹೊಡೆದು ‘ಶ್ರೀಮತಿ ಭಾರತಿ’ ಎಂದು ಮಾಡಿದ್ದೂ ನಾನೇ. ನಟರಾಜರ ಕಡೆಯವರು ಹಾಸನದವರು, ನಗುತ್ತಾರೆಂದು. ಅಪ್ಪ ಓದಿ ನನ್ನ ಮುಖ ನೋಡಿದ, ಸಾಯುವವರೆಗೂ ಬಾಯಿಬಿಡಲಿಲ್ಲ. ಉಳಿದವರು ಯಾರು ತಾಯಿಯ ಹೆಸರಿನವರೆಗೆ ಓದುತ್ತಾರೆ? ಓದು ಬಾರದ ಅವ್ವ ಅಂದು, “ನನ್ ಹೆಸ್ರು ಎಲ್ಲೈತೆ?” ಎಂದು ಕೇಳಿದಾಗ ಅವಳ ಬೆರಳು ಹಿಡಿದು ಆ ಸಾಲಿನ ಮೇಲೆ ಇಟ್ಟು ತೋರಿಸಿದ್ದೆ. ನಾಮಕರಣದ ಬೆಳಗ್ಗೆ ಅವ್ವ ಟ್ರಂಕಿನಿಂದ ಆ ಪತ್ರಿಕೆ ತೆಗೆದು, ಅದೇ ಜಾಗದಲ್ಲಿ ಬೆರಳಿಟ್ಟು ಕೂಸಿಗೆ ತೋರಿಸಿದಳು. “ಓದಕ್ ಬಂದ್ಮ್ಯಾಲೆ ನೋಡ್ಕಳವ್ವ, ನಿಮ್ಮಜ್ಜಿ ಇಲ್ಲವ್ಳೆ” ಎಂದು ಹೇಳಿ ಕೂಸಿನ ಹಾಸಿಗೆಯಡಿ ಇಟ್ಟಳು.