ಟಗರು ಕಟ್ಟಿದ ಆಟ

ಶಿಕಾರಿಪುರ
೫-೧೧-೨೦೨೫

ಮಗಳು ನಾಗಶ್ರೀಗೆ ನಿನ್ನಪ್ಪ ರಂಗಪ್ಪನ ಆಶೀರ್ವಾದ.

ನಾವಿಬ್ಬರೂ ಆರಾಮ. ಹಬ್ಬ ಮುಗಿಸಿ ನೀವು ಚಂದ್ರಗುತ್ತಿ ಮುಟ್ಟಿದ ಸುದ್ದಿಗೆ ಇಷ್ಟು ತಡವಾಗಿ ಬರೆಯುತ್ತಿದ್ದೇನೆ, ಬೇಜಾರಾಗಬೇಡ. ಫೋನಿಲ್ಲವಾ ಅಂತೀಯ. ಫೋನು ಮಾಡಿದರೆ ನಿನ್ನ ಗಂಡ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂರುತ್ತಾನೆ. ಕಾಗದ ಓದುವುದಕ್ಕೆ ಅವನಿಗೆ ಸೋಮಾರಿತನ, ಅದೊಂದೇ ಅನುಕೂಲ.

ನಿನ್ನವ್ವನ ಮಂಡಿನೋವು ಇಳಿದಿದೆ. ಸಂತೆಯಲ್ಲಿ ಕುರಿಯ ರೇಟು ಏರಿದೆ, ಕುರಿ ಮಾತ್ರ ಬಡಕಲು. ಇನ್ನು ನಿನ್ನ ಗಂಡನ ವಿಷಯ.

ಹಬ್ಬಕ್ಕೆ ಬಂದ ಅಳಿಯನ ಜೊತೆ ಮೂರೆಲೆ ಇಸ್ಪೀಟು ಆಡುವುದು ನಮ್ಮ ಮನೆ ಪದ್ಧತಿ. ಪಣಕ್ಕೆ ಹುಣಸೆಬೀಜ, ಅಷ್ಟೆ. ಈ ಸಲ ತಿಪ್ಪೇಶ ಬೀಜದ ಬಟ್ಟಲನ್ನು ಕಾಲಲ್ಲಿ ತಳ್ಳಿದ. "ಏನ್ರೀ ಮಾವ, ಬೀಜ ಗೆದ್ದು ಬಿತ್ತನೆ ಮಾಡ್ಲೇನು? ಕೊನೇ ಆಟಕ್ಕೆ ಕೆಂಚ ಟಗರು ಇಡೋ ಧೈರ್ಯ ಐತೇನು? ನಾನು ಬೈಕ್ ಇಡ್ತೀನಿ" ಅಂದ. ಪಕ್ಕದ ಮನೆ ಲೋಕಪ್ಪ, "ಅಳಿಯಂಗೆ ಹೆದರಿದ್ರೆ ಬೇಡ ಬಿಡು ರಂಗಣ್ಣ" ಅಂತ ಕೆಣಕಿದ. ಕೆಂಚ ಯಾರು ಅಂತ ನಿನಗೆ ಹೇಳಬೇಕಾ? ತಾಯಿ ಸತ್ತ ಮರಿಗೆ ನೀನೂ ನಾನೂ ಸರದಿ ಮೇಲೆ ಬಾಟ್ಲಿ ಹಾಲು ಕುಡಿಸಿದ್ದು.

ಟವೆಲ್ಲಿನಡಿ ಬೆರಳು ಹಿಡಿದು ಕುರಿಯ ದರ ಕುದುರಿಸುತ್ತಲೇ ಮನುಷ್ಯನಾದವನು ನಾನು. ಬೆರಳು ಕಾಣದಿದ್ದರೂ ಮುಖ ಕಾಣುತ್ತದಲ್ಲ. ಇಸ್ಪೀಟೂ ಹಾಗೇ. ಒಳ್ಳೆ ಎಲೆ ಬಂದರೆ ಮನಸ್ಸಿಲ್ಲದವನ ಹಾಗೆ ಎರಡೇ ಬೀಜ ಇಡುತ್ತೇನೆ. ಕಸ ಬಂದರೆ ಬೊಗಸೆ ಸುರಿದು ಹೆದರಿಸುತ್ತೇನೆ. ಆದರೆ ತಿಪ್ಪೇಶ ನನ್ನ ಮುಖ ನೋಡಲೇ ಇಲ್ಲ. ಜೋಡಿ ರಾಜ ಹಿಡಿದು ನಾನು ಎರಡು ಬೀಜ ಇಟ್ಟರೆ ಎಲೆ ಎಸೆದ. ಕಸ ಹಿಡಿದು ಬೊಗಸೆ ಸುರಿದರೆ ಎರಡು ಬೊಗಸೆ ಸುರಿದ. ಮುಖ ನೋಡದವನು ಕಿವಿಯಿಂದ ಆಡುತ್ತಿರಬೇಕು ಅಂತ ನಾನೂ ಕಿವಿಗೊಟ್ಟೆ. ನನ್ನ ಬೆನ್ನ ಹಿಂದೆ ಕೂತು ನೀನು ಶೇಂಗಾ ಸುಲಿಯುತ್ತಿದ್ದೆ. ನನಗೆ ಒಳ್ಳೆ ಎಲೆ ಬಂದಾಗ ಸುಲಿಯುವ ಸದ್ದು ನಿಲ್ಲುತ್ತಿತ್ತು. ಕಸ ಬಂದಾಗ ಟಕ್ ಟಕ್ ನಡೆದೇ ಇರುತ್ತಿತ್ತು.

ಮೋಸಗಾರರು ನನಗೆ ಹೊಸಬರಲ್ಲ. ಸಂತೆಯಲ್ಲಿ ದಿನಾ ಅವರ ಜೊತೆಗೇ ಚಾ ಕುಡಿಯುತ್ತೇನೆ. ಆದರೆ ಹೆಂಡತಿ ಕೈಯಲ್ಲಿ ಅವಳಪ್ಪನಿಗೆ ಮೋಸ ಮಾಡಿಸಿ, ಗೆದ್ದು, ಅದೇ ಮನೆಯ ಹೋಳಿಗೆಗೆ ತುಪ್ಪ ಸಾಲದು ಅನ್ನುವವನನ್ನು ಕಂಡರೆ ವಾಕರಿಕೆ ಬರುತ್ತದೆ. ಗೆದ್ದ ಕೆಂಚನನ್ನು ಅವನು ಕೊಂಬು ಹಿಡಿದು ಎಳೆದು ಲಗೇಜ್ ಆಟೋಗೆ ಹತ್ತಿಸುವಾಗ ಅದು ನನ್ನ ಕಡೆಗೇ ತಿರುಗಿ ಒದರುತ್ತಿತ್ತು. ನೀನು, "ಹೋಗ್ಲಿ ಬಿಡಪ್ಪ, ಒಂದು ಟಗರು ತಾನೆ" ಅಂದೆ.

ಅದಕ್ಕೆ ಒಣಮೇವು ಸೇರುವುದಿಲ್ಲ, ಗಂಡನಿಗೆ ಹೇಳು. ಚಳಿ ಶುರುವಾಗಿದೆ, ಬೆಚ್ಚಗಿರು. ನಿನ್ನ ಹೊಟ್ಟೆ ತಣ್ಣಗಿರಲಿ, ಬಾಳು ತುಂಬಿರಲಿ.

ಇಂತಿ ನಿನ್ನಪ್ಪ,
ರಂಗಪ್ಪ

ಮರೆತಿದ್ದೆ: ಸದ್ದಿನ ಗುಟ್ಟು ನನಗೆ ತಿಳಿದದ್ದು ಕೊನೇ ಆಟಕ್ಕೆ ಮೊದಲೇ. ಆ ಆಟದಲ್ಲಿ ನನಗೆ ಬಂದದ್ದು ಬರೀ ಕಸ. ನಿನಗೆ ಚೆನ್ನಾಗಿ ಕಾಣಲಿ ಅಂತಲೇ ಎಲೆ ಎತ್ತಿ ಹಿಡಿದು, "ನನ್ನ ಟಗರು ಇಟ್ಟೆ" ಅಂದೆ. ತಿಪ್ಪೇಶ ಬೈಕಿನ ಕೀಲಿ ಕೈಯಲ್ಲೇ ಹಿಡಿದು ಕಿವಿಗೊಟ್ಟು ಕಾದ. ನಾನೂ ಕಾದೆ. ನೀನು ಒಂದು ಗಳಿಗೆ ಕೈ ನಿಲ್ಲಿಸಿದ್ದರೆ ಅವನು ಎಲೆ ಎಸೆಯುತ್ತಿದ್ದ. ಅವನು ಕಳೆದುಕೊಳ್ಳುತ್ತಿದ್ದದ್ದು ನಾಲ್ಕು ಹುಣಸೆಬೀಜ, ಕೆಂಚ ಉಳಿಯುತ್ತಿದ್ದ. ನೀನು ಸುಲಿಯುತ್ತಲೇ ಇದ್ದೆ. ಆ ಶೇಂಗಾ ಇನ್ನೂ ಬುಟ್ಟಿಯಲ್ಲೇ ಇದೆ, ಯಾರೂ ಬಾಯಿಗೆ ಹಾಕಿಲ್ಲ.