ಕಲ್ಲುಸಕ್ಕರೆಯ ಗಂಟು

ಚಿತ್ರದುರ್ಗ
ಫೆಬ್ರವರಿ ೩೦, ೨೧೫೮

ಸುಚಿತ್ರಾ ಅಜ್ಜಿಗೆ ನೇಸರಿಯ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮ ಕಾಲದ ಫೆಬ್ರವರಿಗೆ ಮೂವತ್ತು ದಿನ. ನನ್ನ ಮಾತು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಕಾಲದಲ್ಲಿ ಹಿಂದಕ್ಕೆ ಕಳಿಸುತ್ತಿರುವ ಈ ಪತ್ರ ತಲುಪುವಾಗ ನಿಮಗಿನ್ನೂ ಮದುವೆಯೇ ಆಗಿರಲಿಕ್ಕಿಲ್ಲ. ಆದರೂ ನನಗೆ ನೀವು ಅಜ್ಜಿಯ ಅಜ್ಜಿಯೇ, ಏನು ಮಾಡಲಿ! ನಿಮ್ಮ ಸಕ್ಕರೆ ಕಾಯಿಲೆ ಈಗ ನನಗೂ ಇದೆ.

ನಮ್ಮಲ್ಲಿ ಸೂಜಿ ಚುಚ್ಚಿಕೊಳ್ಳುವವರಿಲ್ಲ. ಚರ್ಮದಡಿ ಅಕ್ಕಿಕಾಳಿನಷ್ಟು ಗಾತ್ರದ ‘ಒಳಗಾವಲು’ ಇಡುತ್ತಾರೆ. ರಕ್ತ ನೋಡುವುದೂ ಅದೇ, ಇನ್ಸುಲಿನ್ ಬಿಡುವುದೂ ಅದೇ. ಸಕ್ಕರೆ ಏರುಪೇರಾದರೆ ಮುಂಗೈ ಕೆಂಪಗೆ ಹೊಳೆಯುತ್ತದೆ. ಬಸ್ಸಿನಲ್ಲಿ ಕೂತವರೆಲ್ಲ ತಿರುಗಿ ನೋಡಿ, ಏನಮ್ಮ ತಿಂದೆ ಎಂದು ವಿಚಾರಿಸುತ್ತಾರೆ. ಮೈಯೆಲ್ಲ ಉರಿಯುತ್ತದೆ ನನಗೆ! ಆದರೂ ನನ್ನ ಧೈರ್ಯವೆಲ್ಲ ಆ ಬೆಳಕಿನಲ್ಲೇ ಇತ್ತು. ನನ್ನ ಮೈ ಏನು ಹೇಳುತ್ತದೆ ಎಂದು ಕೇಳುವುದನ್ನು ನಾನು ಕಲಿತೇ ಇಲ್ಲ.

ಈಗ ನನ್ನ ಮೈ ಒಳಗಾವಲನ್ನು ಒಲ್ಲೆ ಅನ್ನುತ್ತಿದೆ. ನಾಳೆ ತೆಗೆಯುತ್ತಾರೆ. ಹೊಸದು ಸಿದ್ಧವಾಗುವ ತನಕ ನಿಮ್ಮ ಹಾಗೆ ಸೂಜಿ ಚುಚ್ಚಿಕೊಂಡು ನಾನೇ ನಿಭಾಯಿಸಬೇಕಂತೆ. ಅಭ್ಯಾಸವಾಗಲಿ ಎಂದು ಡಾಕ್ಟರು ನಿನ್ನೆಯೇ ಅದನ್ನು ನಿಲ್ಲಿಸಿ, ನನ್ನ ಕೈಯಲ್ಲೇ ಇನ್ಸುಲಿನ್ ಹಾಕಿಸಿ ಮನೆಗೆ ಕಳಿಸಿದರು. ಹೊಸ್ತಿಲು ದಾಟುವಷ್ಟರಲ್ಲಿ ಕೈ ನಡುಗಿತು, ಮೈ ಬೆವರಿತು, ಕಣ್ಣು ಕತ್ತಲೆ ಬಂತು. ಅದು ಭಯದ ನಡುಕವೋ, ಸಕ್ಕರೆ ಇಳಿದ ನಡುಕವೋ, ದೇವರಾಣೆ ತಿಳಿಯಲಿಲ್ಲ. ಅಮ್ಮಾ ಅನ್ನಲೂ ನಾಲಿಗೆ ಏಳಲಿಲ್ಲ. ಅವಳೇ ಓಡಿ ಬಂದು ನನ್ನ ವೇಲಿನ ತುದಿಯ ಗಂಟು ಬಿಚ್ಚಿ, ಕಲ್ಲುಸಕ್ಕರೆಯನ್ನು ಬಾಯಿಗೆ ತುರುಕಿದಳು.

ಹೊರಗೆ ಹೊರಟ ಹೆಣ್ಣುಮಕ್ಕಳಿಗೆ ಆ ಗಂಟು ಕಟ್ಟುವುದು ನಮ್ಮ ಮನೆಯ ಪದ್ಧತಿ. ಏನೋ ಶಾಸ್ತ್ರ ಅಂದುಕೊಂಡಿದ್ದೆ. ಇರುವೆ ಮುತ್ತುತ್ತವೆ ಎಂದು ಜಗಳವಾಡಿದ್ದೇ ಆಡಿದ್ದು. ನಡುಕ ನಿಂತ ಮೇಲೆ ನೋಡಿದರೆ ಅಮ್ಮನೂ ಅಳುತ್ತಿದ್ದಳು. ನಡುಗಿದರೆ ಮೊದಲು ಬಾಯಿಗೆ ಹಾಕು, ಯೋಚನೆ ಆಮೇಲೆ: ಇಷ್ಟೇ ಅವಳಿಗೆ ಅವಳಮ್ಮ ಹೇಳಿಕೊಟ್ಟಿದ್ದಂತೆ. ಅದು ನಿಮ್ಮದೇ ಮಾತಂತೆ.

ಅಜ್ಜೀ, ನಾಳೆಯಿಂದ ಒಳಗಾವಲಿಲ್ಲ. ಅಮ್ಮ ಪಕ್ಕದಲ್ಲಿಲ್ಲದಾಗ ಹೀಗಾದರೆ? ನಿದ್ದೆಯಲ್ಲಾದರೆ? ದಿನಾ ಈ ಹೆದರಿಕೆಯನ್ನು ನೀವು ಹೇಗೆ ತಡೆದುಕೊಂಡಿರಿ? ಸಾಕಪ್ಪಾ ಸಾಕು ಅನ್ನಿಸುವ ದಿನಗಳು ನಿಮಗೂ ಬಂದೇ ಬರುತ್ತವೆ. ಅಂಥ ದಿನ ಸೂಜಿಗೆ ಬೈಯಿರಿ, ತಟ್ಟೆ ಎಸೆಯಿರಿ, ಬಾಯಿ ಬಿಟ್ಟು ಅಳಿ. ಗಂಟು ಕಟ್ಟುವುದನ್ನು ಮಾತ್ರ ಬಿಡಬೇಡಿ. ಮಗಳು ನಕ್ಕರೂ ಅವಳ ವೇಲಿಗೂ ಕಟ್ಟಿ. ನೀವು ಬಿಟ್ಟರೆ, ನಿನ್ನೆ ನನ್ನಮ್ಮ ತಡಕಾಡಿದಾಗ ಅವಳ ಕೈಗೆ ಬರೀ ಬಟ್ಟೆ ಸಿಗುತ್ತದೆ.

ನಿಮ್ಮ ಮೊಮ್ಮಗಳ ಮೊಮ್ಮಗಳು,
ನೇಸರಿ